ಬೆಟ್ಟ ಹತ್ತುವಾಗ ಕೂಲಂಟ್ 112 ಡಿಗ್ರಿ, ಹೈವೇಯಲ್ಲಿ ಮಾತ್ರ ಸರಿ (1.2 ಟರ್ಬೊ ಪೆಟ್ರೋಲ್, ಮೈಸೂರು)

ನಾಗಮಂಗಲ ಟರ್ಬೊ
ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಗಾಡಿ 1.2 ಲೀಟರ್ ಟರ್ಬೊ ಪೆಟ್ರೋಲ್ ಹ್ಯಾಚ್. ಏಳು ವರ್ಷ ಹಳೆಯದು, 78,000 ಕಿ.ಮೀ. ಓಡಿದೆ. ಹೋದ ವರ್ಷ ಸ್ಟೇಜ್ 1 ರೀಮ್ಯಾಪ್ (ಪವರ್ ಹೆಚ್ಚಿಸೋಕೆ ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿದೆ, ಉಳಿದದ್ದೆಲ್ಲ ಕಂಪನಿಯಿಂದ ಬಂದ ಹಾಗೇ ಇದೆ. ದಿನಾ ನಾಗಮಂಗಲದಿಂದ ಪಾಂಡವಪುರ, ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ.

ಇವತ್ತು ಬೆಳಗ್ಗೆ ಮನೆಯವರನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟೆ. ಗಾಡಿಯಲ್ಲಿ ನಾಲ್ಕು ಜನ, ಎಸಿ ಆನ್. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಎಸಿಯಿಂದ ಬಿಸಿ ಗಾಳಿ ಬರೋಕೆ ಶುರುವಾಯಿತು. ಟೆಂಪರೇಚರ್ ಮೀಟರಿನ ಮುಳ್ಳು ನಡುವಿನಿಂದ ಕೂದಲೆಳೆಯಷ್ಟು ಮೇಲೆ, ಅಷ್ಟೇ. ಅನುಮಾನ ಬಂದು ಡ್ಯಾಶ್ ಒಳಗಿದ್ದ, ಇಂಜಿನ್ ಲೆಕ್ಕಗಳನ್ನು ಫೋನಿಗೆ ಕಳಿಸುವ ಒಬಿಡಿ ಡಾಂಗಲ್ ಹಾಕಿ, ಹೆಂಡತಿ ಕೈಗೆ ಫೋನ್ ಕೊಟ್ಟು, ಇಂಜಿನ್ ತಣ್ಣಗಿಡುವ ಕೂಲಂಟ್ ಎಷ್ಟು ಬಿಸಿ ಇದೆ ಓದು ಅಂದರೆ 112 ಅಂದಳು! ತಕ್ಷಣ ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಹತ್ತು ನಿಮಿಷಕ್ಕೆ 96ಕ್ಕೆ ಇಳಿಯಿತು. ವಾಪಸ್ ಬರುವಾಗ ಎಕ್ಸ್‌ಪ್ರೆಸ್‌ವೇಯಲ್ಲಿ 100ರ ವೇಗದಲ್ಲಿ ಸ್ವಲ್ಪ ದೂರ ಓಡಿಸಿ ನೋಡಿದೆ, 92ರಿಂದ 94ರ ಒಳಗೇ ಇತ್ತು.

ಬಾಟಲಿಯಲ್ಲಿ ಕೂಲಂಟ್ ಮಟ್ಟ ಸರಿಯಾಗಿದೆ, ಇಳಿದಿಲ್ಲ. ಗೊತ್ತಿರುವ ಗ್ಯಾರೇಜಿಗೆ ಫೋನ್ ಮಾಡಿದರೆ ರೇಡಿಯೇಟರ್, ವಾಟರ್ ಪಂಪ್, ಕಡಿಮೆ ಡಿಗ್ರಿಗೇ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಮೂರೂ ಒಟ್ಟಿಗೆ ಹಾಕಿಸಿ, 38,000 ಆಗುತ್ತೆ ಅಂದರು. ಅಷ್ಟು ಸುರಿಯುವ ಮೊದಲು ತಿಳಿದವರನ್ನು ಕೇಳೋಣ ಅಂತ ಬರೆಯುತ್ತಿದ್ದೇನೆ. ರೀಮ್ಯಾಪ್ ಮಾಡಿಸಿದ್ದೇ ತಪ್ಪಾಯಿತಾ?

ಕಬ್ಬಿನ ಗದ್ದೆ
ಭಾನುವಾರ ರಾತ್ರಿ 10:05

ಗುರು, 38,000 ಯಾಕೆ? ಥರ್ಮೋಸ್ಟಾಟ್ ಕಿತ್ತು ಹಾಕಿಸು, ನೀರು ಸಲೀಸಾಗಿ ಹರಿಯುತ್ತೆ. ನಮ್ಮಣ್ಣನ ಹಳೇ ಜೀಪಿಗೆ ಮಂಡ್ಯದಲ್ಲಿ ಹಾಗೇ ಮಾಡಿಸಿದ್ದು, ಇವತ್ತಿಗೂ ಬಿಸಿ ಆಗಿಲ್ಲ.

ಬೆಟ್ಟದ ಬುಡ
ಭಾನುವಾರ ರಾತ್ರಿ 11:20

ಗದ್ದೆ ಅಣ್ಣ, ಜೀಪಿನ ಮಾತು ಬೇರೆ. ಈ ಗಾಡಿಗೆ ಹಾಗೆ ಮಾಡಬೇಡಿ. ಥರ್ಮೋಸ್ಟಾಟ್ ತೆಗೆದರೆ ಇಂಜಿನ್ ಬಿಸಿಯಾಗೋಕೇ ಬಹಳ ಹೊತ್ತು ಹಿಡಿಯುತ್ತೆ. ಇಂಜಿನ್ ಇನ್ನೂ ತಣ್ಣಗಿದೆ ಅಂತ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಬಿಡುತ್ತೆ, ಆ ಪೆಟ್ರೋಲ್ ಆಯಿಲ್‌ಗೆ ಬೆರೆಯುತ್ತೆ, ಒಳಗೆ ಸವೆತ ಜಾಸ್ತಿ ಆಗುತ್ತೆ. ಸ್ವಲ್ಪ ದಿನಕ್ಕೆ ಪಿ0128 ಕೋಡ್ (ಇಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ ಅಂತ) ಬಂದು ಚೆಕ್ ಇಂಜಿನ್ ಲೈಟೂ ಹತ್ತುತ್ತೆ.

ಕಡಿಮೆ ಡಿಗ್ರಿಯ ಥರ್ಮೋಸ್ಟಾಟ್ ಕೂಡ ಇದಕ್ಕೆ ಮದ್ದಲ್ಲ. ಥರ್ಮೋಸ್ಟಾಟ್ ಅನ್ನೋದು ಒಂದು ಬಾಗಿಲು. 87ಕ್ಕೆ ತೆರೆಯೋ ಬದಲು 80ಕ್ಕೆ ತೆರೆಯಬಹುದು, ಆದರೆ ಪೂರ್ತಿ ತೆರೆದ ಮೇಲೆ ಅದರ ಕೆಲಸ ಮುಗಿಯಿತು. 112ಕ್ಕೆ ಹೋಗುವ ಗಾಡಿಯಲ್ಲಿ ಅದು ಸರಿಯಾಗಿ ಕೆಲಸ ಮಾಡುತ್ತಿದ್ದರೆ ಯಾವಾಗಲೋ ಪೂರ್ತಿ ತೆರೆದಿರುತ್ತೆ. ಅಲ್ಲಿಂದ ಮುಂದೆ ಬಿಸಿ ಹೊರಗೆ ಹಾಕಬೇಕಾದದ್ದು ರೇಡಿಯೇಟರ್ ಮತ್ತು ಅದರ ಮೇಲೆ ಬೀಸುವ ಗಾಳಿ.

ನಾಗಮಂಗಲದವರೇ, ಮುಳ್ಳನ್ನು ನಂಬಬೇಡಿ. ಈಗಿನ ಗಾಡಿಗಳಲ್ಲಿ ಸುಮಾರು 75ರಿಂದ 105ರವರೆಗೆ ಮುಳ್ಳು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ, ಓಡಿಸುವವರು ಗಾಬರಿ ಆಗದಿರಲಿ ಅಂತ. ಅದು ಅಲ್ಲಾಡೋಕೆ ಶುರುವಾದಾಗ ವಿಷಯ ಕೈ ಮೀರುತ್ತಿರುತ್ತೆ. ಎಸಿ ನಿಂತದ್ದು ಕೆಟ್ಟು ಹೋಗಿ ಅಲ್ಲ, ಇಂಜಿನ್ ಉಳಿಸಿಕೊಳ್ಳೋಕೆ ಇಸಿಯು ತಾನೇ ಕಂಪ್ರೆಸರ್ ಕಟ್ ಮಾಡಿದೆ.

ಗಾಡಿ ಯಾವಾಗ ಬಿಸಿಯಾಗುತ್ತೆ ಅನ್ನೋದೇ ಅರ್ಧ ಉತ್ತರ. ಸಿಗ್ನಲ್‌ನಲ್ಲಿ ನಿಂತಾಗ ಏರಿ, ಓಡುವಾಗ ಇಳಿದರೆ ಫ್ಯಾನ್ ನೋಡಬೇಕು. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗಲೂ ಏರಿದರೆ ರೇಡಿಯೇಟರ್ ಒಳಗೆ ಕಟ್ಟಿದೆ ಅಥವಾ ಪಂಪ್ ನೀರು ತಳ್ಳುತ್ತಿಲ್ಲ. ನಿಮ್ಮದು ಏರಿನಲ್ಲಿ ಮಾತ್ರ. ಅಲ್ಲಿ ವೇಗ ಮೂವತ್ತು ನಲವತ್ತು, ಅಂದರೆ ಎದುರಿನಿಂದ ಬರೋ ಗಾಳಿ ಕಡಿಮೆ. ಟರ್ಬೊ ಮಾತ್ರ ಪೂರ್ತಿ ಬೂಸ್ಟಿನಲ್ಲಿ, ಅಂದರೆ ಇಂಜಿನ್ನಿಗೆ ಜೋರಾಗಿ ಗಾಳಿ ಒತ್ತುತ್ತಾ ಇರುತ್ತೆ. ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಭಾಗ ಕೂಲಂಟಿಗೇ ಹೋಗುತ್ತೆ. ರೀಮ್ಯಾಪ್ ಆದ ಮೇಲೆ ಆ ಭಾಗವೂ ದೊಡ್ಡದಾಗಿದೆ. ಆದರೆ ರೀಮ್ಯಾಪ್ ಆಗಿ ಒಂದು ವರ್ಷ ಆಯಿತು ಅಂದಿರಿ. ಅದೊಂದೇ ಕಾರಣ ಆಗಿದ್ದರೆ ಮೊದಲ ವಾರವೇ ಗೊತ್ತಾಗಬೇಕಿತ್ತು, ಅಲ್ವಾ?

ಮೂರು ಪ್ರಶ್ನೆ. ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ರೇಡಿಯೇಟರಿನ ಮೇಲಿನ ಹೋಸ್ ಹಿಸುಕಿ ನೋಡಿ, ಮೆತ್ತಗಿದೆಯಾ ಗಟ್ಟಿಯಾಗಿದೆಯಾ? ಈ ತೊಂದರೆ ಯಾವ ತಿಂಗಳಿಂದ? ಬಂಪರ್ ಕೆಳಗೆ ಇಂಜಿನ್ ಮುಚ್ಚುವ ಪ್ಲಾಸ್ಟಿಕ್ ತಟ್ಟೆ ಇದೆಯಾ, ಹೋಗಿದೆಯಾ?

ನಾಗಮಂಗಲ ಟರ್ಬೊ
ಸೋಮವಾರ ಬೆಳಗ್ಗೆ 7:15

ತುಂಬಾ ಥ್ಯಾಂಕ್ಸ್ ಅಣ್ಣ, ರಾತ್ರಿ ಓದಿದ ಮೇಲೆ ಎಷ್ಟೋ ಸಮಾಧಾನ ಆಯಿತು. ಹೋಸ್ ಮೆತ್ತಗಿದೆ. ದಸರಾ ರಜೆಯಲ್ಲಿ ಇದೇ ಗಾಡಿ, ಇದೇ ನಾಲ್ಕು ಜನ ಬೆಟ್ಟ ಹತ್ತಿದ್ದೆವು, ಆಗ ಎಸಿ ನಿಂತಿರಲಿಲ್ಲ. ಜನವರಿ ಕೊನೆಯಿಂದ ಪಿಕಪ್ ಸ್ವಲ್ಪ ಕಡಿಮೆ ಅನಿಸುತ್ತಿತ್ತು, ಬಿಸಿಲಿಗೆ ಇರಬೇಕು ಅಂತ ಬಿಟ್ಟಿದ್ದೆ. ತಟ್ಟೆ ಇಲ್ಲ! ನವೆಂಬರಿನಲ್ಲಿ ಆಯಿಲ್ ಬದಲಾಯಿಸಿದಾಗ ಒಂದು ಗ್ಯಾರೇಜಿನಲ್ಲಿ ಬಿಚ್ಚಿದ್ದರು, ಮತ್ತೆ ಹಾಕಿಲ್ಲ ಅಂತ ಈಗ ಬಗ್ಗಿ ನೋಡಿದಾಗ ಗೊತ್ತಾಯಿತು.

ಬೆಟ್ಟದ ಬುಡ
ಸೋಮವಾರ ಮಧ್ಯಾಹ್ನ 1:30

ಹೋಸ್ ಮೆತ್ತಗಿದ್ದದ್ದು ಒಳ್ಳೆಯ ಸುದ್ದಿ. ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಹೋಗಿದ್ದರೆ ಸಿಲಿಂಡರಿನ ಗ್ಯಾಸ್ ಕೂಲಂಟಿಗೆ ನುಗ್ಗಿ, ರಾತ್ರಿಯೆಲ್ಲ ತಣ್ಣಗಾದ ಮೇಲೂ ಹೋಸ್ ಗಟ್ಟಿಯಾಗಿರೋದುಂಟು. ಮನಸ್ಸಿಗೆ ಸಮಾಧಾನ ಬೇಕು ಅಂದರೆ ಬ್ಲಾಕ್ ಟೆಸ್ಟ್ ಮಾಡಿಸಿ. ಬಾಟಲಿ ಬಾಯಿಗೆ ನೀಲಿ ದ್ರವದ ಕೊಳವೆ ಇಟ್ಟು ನೋಡುತ್ತಾರೆ, ಗ್ಯಾಸ್ ಬರುತ್ತಿದ್ದರೆ ನೀಲಿ ಹೋಗಿ ಹಳದಿ ಆಗುತ್ತೆ.

ಈಗ ನನ್ನ ಊಹೆ ಹೇಳುತ್ತೇನೆ. ನೀವು ಬರುವ ರಸ್ತೆಯಲ್ಲಿ ಸುಗ್ಗಿ ಟೈಮಿನಲ್ಲಿ ರಾಗಿ ತೆನೆ, ಹುರುಳಿ ಗಿಡ ರೋಡಿಗೇ ಹಾಸಿರುತ್ತಾರೆ, ಗಾಡಿಗಳು ಅದರ ಮೇಲೇ ಹೋಗಬೇಕು. ಆ ಹೊಟ್ಟು ಎಲ್ಲಿಗೆ ಹೋಗುತ್ತೆ? ಎದುರಿನ ಗ್ರಿಲ್‌ನಿಂದ ಒಂದಷ್ಟು ಒಳಗೆ ಬರುತ್ತೆ, ತಟ್ಟೆ ಇಲ್ಲದಿದ್ದರೆ ಕೆಳಗಿನಿಂದಲೂ ಮೇಲೆ ಎದ್ದು ಬರುತ್ತೆ. ಎದುರಿಗೆ ಕಾಣೋದು ಎಸಿ ಕಂಡೆನ್ಸರ್, ಎಸಿ ಗ್ಯಾಸ್ ತಣ್ಣಗಾಗುವ ಜಾಲರಿ. ಅದರ ಹಿಂದೆ ಎರಡು ಬೆರಳು ಜಾಗ ಬಿಟ್ಟು ರೇಡಿಯೇಟರ್. ಸಣ್ಣ ಹೊಟ್ಟು ಕಂಡೆನ್ಸರಿನ ಅಂಚಿನಿಂದ ನುಸುಳಿ ಆ ಸಂದಿಯಲ್ಲಿ ಕೂರುತ್ತೆ. ಮುಂದಿನಿಂದ ಟಾರ್ಚ್ ಬಿಟ್ಟರೆ ಕಂಡೆನ್ಸರ್ ಕ್ಲೀನ್ ಆಗೇ ಕಾಣುತ್ತೆ. ವಾಟರ್ ವಾಶ್ ಮಾಡಿಸಿದರೂ ಅಲ್ಲಿಗೆ ನೀರು ಮುಟ್ಟಲ್ಲ.

ಆದ್ದರಿಂದ 38,000 ಜೇಬಲ್ಲೇ ಇರಲಿ. ಬಂಪರ್ ಬಿಚ್ಚಿಸಿ. ಕಂಡೆನ್ಸರಿನ ಬೋಲ್ಟ್ ಸಡಿಲಿಸಿ ಅದನ್ನು ಮುಂದಕ್ಕೆ ವಾಲಿಸಬಹುದು, ಎಸಿ ಗ್ಯಾಸ್ ಪೈಪ್ ಬಿಚ್ಚೋದು ಬೇಡ, ಪೈಪ್ ಎಳೆಯದ ಹಾಗೆ ಒಬ್ಬರು ಹಿಡಿದುಕೊಳ್ಳಲಿ. ಗಿಡಕ್ಕೆ ನೀರು ಹಾಕುವ ಪೈಪಿನಲ್ಲಿ ಇಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಡಿ, ಹೊಟ್ಟು ಬಂದ ದಾರಿಯಲ್ಲೇ ವಾಪಸ್ ಹೋಗಲಿ. ಪ್ರೆಶರ್ ವಾಶರ್ ಮಾತ್ರ ಹತ್ತಿರ ತರಬೇಡಿ. ಆ ಅಲ್ಯೂಮಿನಿಯಂ ರೆಕ್ಕೆಗಳು ಕಾಗದದಷ್ಟು ತೆಳು, ಒಂದು ಸಲ ಮಡಚಿಕೊಂಡರೆ ಅಲ್ಲಿ ಗಾಳಿ ನಿಂತ ಹಾಗೇ. ಇಂಜಿನ್ ಪೂರ್ತಿ ತಣ್ಣಗಿರಬೇಕು, ಬ್ಯಾಟರಿ ಟರ್ಮಿನಲ್ ಬಿಚ್ಚಿಡಿ, ಕೈ ಇಟ್ಟಾಗ ಫ್ಯಾನ್ ತಾನೇ ತಿರುಗಿದರೆ ಬೆರಳು ಉಳಿಯಲ್ಲ.

ತಟ್ಟೆಯನ್ನು ಮೊದಲು ಹಾಕಿಸಿ. ಅದು ಬರೀ ಕೆಸರು ತಡೆಯೋಕೆ ಇರೋದಲ್ಲ. ಮುಂದಿನಿಂದ ಬಂದ ಗಾಳಿ ರೇಡಿಯೇಟರ್ ಮೂಲಕವೇ ಹಾದು ಹೋಗುವ ಹಾಗೆ ಕೆಳಗಿನ ಒತ್ತಡ ಕಡಿಮೆ ಇಡುವ ಕೆಲಸವೂ ಅದರದ್ದೇ.

ಮಾರ್ಗಮಧ್ಯೆ
ಸೋಮವಾರ ಸಂಜೆ 6:10

ಸಾರ್, ಇದರ ಮಧ್ಯೆ ನನ್ನದೊಂದು ಪ್ರಶ್ನೆ. ನಾನು ಮೈಸೂರಿನವಳು, ನನ್ನದೂ ಟರ್ಬೊ ಪೆಟ್ರೋಲ್. ಮುಂದಿನ ತಿಂಗಳು ಮಸಿನಗುಡಿ, ಕಲ್ಹಟ್ಟಿ ಮೇಲೆ ಊಟಿಗೆ ಹೋಗಬೇಕು. ನಮ್ಮ ಕಡೆ ನೀರು ಹೆಪ್ಪುಗಟ್ಟಲ್ಲ, ಬರೀ ನೀರು ಹಾಕಿದರೆ ಬಿಸಿ ಬೇಗ ಹೊರಗೆ ಹೋಗುತ್ತೆ ಅಂತ ಒಬ್ಬರು ಹೇಳಿದರು. ನಿಜವಾ? ನನ್ನ ಗಾಡಿಯಲ್ಲಿ ಗುಲಾಬಿ ಬಣ್ಣದ್ದು ಇದೆ, ಅಂಗಡಿಯಲ್ಲಿ ಹಸಿರು ಕೊಟ್ಟರು, ಬೆರೆಸಬಹುದಾ?

ಬೆಟ್ಟದ ಬುಡ
ಸೋಮವಾರ ರಾತ್ರಿ 10:45

ಮೇಡಂ, ಅವರು ಹೇಳಿದ್ದರಲ್ಲಿ ಅರ್ಧ ನಿಜ. ಬಿಸಿ ಹೊರುವ ಶಕ್ತಿ ನೀರಿಗೇ ಜಾಸ್ತಿ, ರೇಸ್ ಟ್ರ್ಯಾಕಿನಲ್ಲಿ ಕೂಲಂಟಿನೊಳಗಿನ ಗ್ಲೈಕಾಲ್ ಕಡಿಮೆ ಮಾಡೋದೂ ಉಂಟು. ಆದರೆ ದಿನಾ ಓಡಿಸುವ ಗಾಡಿಗೆ ಬರೀ ನೀರು ಬೇಡ. ತುಕ್ಕು ತಡೆಯುವ ರಾಸಾಯನಿಕ, ಪಂಪಿನ ಸೀಲ್ ಕಾಪಾಡುವ ಗುಣ ಎಲ್ಲ ಕೂಲಂಟಿನಲ್ಲೇ ಇರೋದು.

ಇನ್ನೊಂದು, ಕುದಿಯುವ ಡಿಗ್ರಿ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರ, ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತೆ. ಊಟಿ 2,240 ಮೀಟರ್, ಅಲ್ಲಿ 92–93ಕ್ಕೇ ಕುದಿಯುತ್ತೆ. ಗಾಡಿಯಲ್ಲಿ ಕುದಿಯದೆ ಇರೋದು ಕೂಲಂಟ್ ಬಾಟಲಿ ಮುಚ್ಚಳದ ಒತ್ತಡದಿಂದ. ನೀರು, ಕೂಲಂಟ್ 50:50 ಮಿಶ್ರಣ, 1.4 ಬಾರ್ ಒತ್ತಡ ಹಿಡಿಯುವ ಮುಚ್ಚಳ ಇದ್ದರೆ 130ರ ಆಸುಪಾಸಿನವರೆಗೂ ಕುದಿಯಲ್ಲ. ಮುಚ್ಚಳದ ರಬ್ಬರ್ ಸೀಳಿದ್ದರೆ ಆ ಲೆಕ್ಕವೆಲ್ಲ ಹೋಯಿತು. ಹಾಗಾಗಿ ಕಲ್ಹಟ್ಟಿಯ 36 ತಿರುವು ಹತ್ತುವ ಮೊದಲು ಹಳೇ ಮುಚ್ಚಳ ಬದಲಾಯಿಸಿ. ಇಡೀ ಗಾಡಿಯಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಕೆಲಸ ಮಾಡುವ ಸಾಮಾನು ಇನ್ನೊಂದಿಲ್ಲ. ಬಿಸಿ ಇರುವಾಗ ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ, ಒತ್ತಡ ಬಿಟ್ಟ ಕ್ಷಣವೇ ಒಳಗಿರುವುದು ಕುದ್ದು ಮುಖಕ್ಕೆ ಹಾರುತ್ತೆ.

ಬಣ್ಣ ನೋಡಿ ಕೂಲಂಟ್ ತೆಗೆದುಕೊಳ್ಳಬೇಡಿ, ಬಣ್ಣಕ್ಕೆ ಯಾವ ನಿಯಮವೂ ಇಲ್ಲ. ಗಾಡಿಯ ಪುಸ್ತಕದಲ್ಲಿ ಯಾವ ಸ್ಪೆಕ್ ಬರೆದಿದೆಯೋ ಅದೇ ಸ್ಪೆಕ್ ಡಬ್ಬದ ಮೇಲೆ ಇರಬೇಕು. ಬೇರೆ ಬೇರೆ ಜಾತಿಯದ್ದು ಬೆರೆತರೆ ಕೆಲವು ಸಲ ಗಂಜಿಯಂತೆ ಗಟ್ಟಿಯಾಗಿ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತೆ. ಬೆರೆಸೋಕೆ ಡಿಸ್ಟಿಲ್ಡ್ ವಾಟರ್ ತನ್ನಿ. ಬೋರ್‌ವೆಲ್ ನೀರು ಬೇಡವೇ ಬೇಡ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರ ರೇಡಿಯೇಟರ್ ಒಳಗೂ ಕಟ್ಟುತ್ತೆ.

ನಾಗಮಂಗಲ ಟರ್ಬೊ
ಭಾನುವಾರ ಸಂಜೆ 5:30

ಅಣ್ಣ, ಇವತ್ತು ಬಿಚ್ಚಿದೆವು! ನಮ್ಮೂರಿನ ಮೆಕ್ಯಾನಿಕ್ ಹುಡುಗ, ನಾನು, ನನ್ನ ತಮ್ಮ ಮೂರು ಜನ. ಬಂಪರ್ ತೆಗೆದಾಗ ಕಂಡೆನ್ಸರ್ ನೀವು ಹೇಳಿದ ಹಾಗೇ ಕ್ಲೀನ್ ಇತ್ತು. ಹುಡುಗ "ಏನಿಲ್ಲ ಬಿಡಿ ಅಣ್ಣ, ಮುಚ್ಚಿಬಿಡೋಣ" ಅಂದ. ಇಲ್ಲ, ವಾಲಿಸಿ ನೋಡೇಬಿಡೋಣ ಅಂದೆ.

ನೋಡಿದರೆ ರೇಡಿಯೇಟರಿನ ಕೆಳಗಿನ ಅರ್ಧಕ್ಕೆ ಕಂಬಳಿ ಹೊದಿಸಿದ ಹಾಗಿದೆ. ಹುರುಳಿ ಹೊಟ್ಟು, ರಾಗಿ ಸಿಪ್ಪೆ, ಕಬ್ಬಿನ ತರಗಿನ ಚೂರು, ಅದರ ಜೊತೆ ಆಯಿಲ್ ಜಿಡ್ಡು, ಧೂಳು, ಎಲ್ಲ ಸೇರಿ ಬೆರಳು ದಪ್ಪಕ್ಕೆ ಒತ್ತಿಕೊಂಡಿತ್ತು. ಒಂದು ಮೂಲೆ ಹಿಡಿದು ಎಳೆದರೆ ಅಂಗೈ ಅಗಲದ ತುಂಡು ಹಾಗೇ ಸುಲಿದು ಬಂತು, ರೇಡಿಯೇಟರಿನ ಗೆರೆಗಳೆಲ್ಲ ಅದರ ಬೆನ್ನ ಮೇಲೆ ಅಚ್ಚಾಗಿದ್ದವು. ಪೈಪಿನಲ್ಲಿ ನೀರು ಬಿಟ್ಟಾಗ ಕೆಳಗಿಟ್ಟ ಬೇಸಿನ್‌ಗೆ ಟಿಕ್ ಟಿಕ್ ಅಂತ ಏನೋ ಬೀಳೋ ಸದ್ದು. ನೋಡಿದರೆ ಹುರುಳಿ ಕಾಳು, ಒಂದು ಹಿಡಿ ಆಗುವಷ್ಟಿತ್ತು. ನಮ್ಮಮ್ಮ ನೋಡಿ "ಯಾರ ಮನೆ ಬೆಳೆಯೋ ಪಾಪ" ಅಂದರು.

ನೀರು ತಿಳಿಯಾಗಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಯಿತು. ಇನ್ನೊಂದು ಕಡೆಯಿಂದ ಟಾರ್ಚ್ ಬಿಟ್ಟರೆ ಈಗ ಬೆಳಕು ಹಾದು ಬರುತ್ತೆ. ತಟ್ಟೆ ಇನ್ನೂ ಸಿಕ್ಕಿಲ್ಲ, ಆರ್ಡರ್ ಮಾಡಿದ್ದೇನೆ. ಮಧ್ಯಾಹ್ನ ಬಿಸಿಲಲ್ಲೇ ಅದೇ ನಾಲ್ಕು ಜನ, ಎಸಿ ಆನ್, ಮತ್ತೆ ಬೆಟ್ಟ ಹತ್ತಿದೆವು. ಜಾಸ್ತಿ ಅಂದರೆ 103. ಎಸಿ ನಿಲ್ಲಲಿಲ್ಲ.

ಬೆಟ್ಟದ ಬುಡ
ಭಾನುವಾರ ರಾತ್ರಿ 8:00

ಓದಿ ತುಂಬಾ ಖುಷಿಯಾಯಿತು! ತಟ್ಟೆ ಬಂದ ಮೇಲೆ ಇನ್ನೂ ಸ್ವಲ್ಪ ಇಳಿಯಬೇಕು. ಪಿಕಪ್ ಕಡಿಮೆ ಆಗಿದ್ದೂ ಇದಕ್ಕೇ ಇರಬೇಕು. ಕೂಲಂಟ್, ಒಳಗೆ ಹೋಗುವ ಗಾಳಿ ಎರಡೂ ಬಿಸಿಯಾದರೆ ನಾಕ್ (ಪೆಟ್ರೋಲ್ ತಾನಾಗೇ ಸಿಡಿದು ಉರಿಯೋದು) ಆಗದಿರಲಿ ಅಂತ ಇಸಿಯು ಇಗ್ನಿಶನ್ ಟೈಮಿಂಗ್ ಹಿಂದಕ್ಕೆ ತರುತ್ತೆ, ಅಂದರೆ ಕಿಡಿ ತಡವಾಗಿ ಹೊತ್ತಿಸುತ್ತೆ, ಪವರ್ ಬೀಳುತ್ತೆ.

ಏರಿನಲ್ಲಿ ಯಾವ ಗೇರ್ ಇಟ್ಟಿರಿ? ಮೂರನೇ ಗೇರಿನಲ್ಲಿ 1,800 ಆರ್‌ಪಿಎಂಗೆ ಎಳೆಸುತ್ತಿದ್ದರೆ ಅದನ್ನು ಬಿಡಿ. ಎರಡಕ್ಕೆ ಇಳಿಸಿ 3,000 ಹತ್ತಿರ ಇಡಿ. ಪಂಪ್ ಜೋರಾಗಿ ತಿರುಗುತ್ತೆ, ಬೂಸ್ಟ್ ಕಡಿಮೆ ಸಾಕಾಗುತ್ತೆ. ಬೆಟ್ಟದ ರಸ್ತೆಯಲ್ಲಿ ಬೆಳಗ್ಗೆ ನಡೆಯುವವರು, ಸೈಕಲ್‌ನವರು ತುಂಬಾ ಜನ, ಆದ್ದರಿಂದ ಪರೀಕ್ಷೆ ಅಂತ ವೇಗ ಹೆಚ್ಚಿಸಬೇಡಿ, ನಿಧಾನಕ್ಕೆ ಹತ್ತಿದಾಗಲೇ ಸರಿಯಾದ ಲೆಕ್ಕ ಸಿಗೋದು. ಮೇಲೆ ತಲುಪಿದ ತಕ್ಷಣ ಆಫ್ ಮಾಡದೆ ಒಂದು ನಿಮಿಷ ಸುಮ್ನೆ ಐಡಲ್ ಬಿಡಿ, ಟರ್ಬೊ ಒಳಗಿನ ಆಯಿಲ್ ಸುಟ್ಟು ಕರಿ ಕಟ್ಟಬಾರದು.

ನಾಗಮಂಗಲ ಟರ್ಬೊ
ಹತ್ತು ದಿನದ ನಂತರ, ರಾತ್ರಿ 9:05

ತಟ್ಟೆ ಹಾಕಿಸಿದೆ, ಮುಚ್ಚಳವೂ ಹೊಸದು. ಎರಡನೇ ಗೇರಿನಲ್ಲಿ 98, ಅದಕ್ಕಿಂತ ಮೇಲೆ ಹೋಗಲಿಲ್ಲ. ತಟ್ಟೆ, ಮುಚ್ಚಳ, ಹುಡುಗನ ಕೂಲಿ ಎಲ್ಲ ಸೇರಿ 4,200 ಆಯಿತು. ಬಿಚ್ಚುವಾಗ ಕ್ಲಿಪ್‌ಗಳು ಎಲ್ಲೆಲ್ಲಿ ಇವೆ ಅಂತ ಫೋಟೊ ತೆಗೆದಿಟ್ಟಿದ್ದೇನೆ, ನಾಳೆ ಹಾಕುತ್ತೇನೆ. ನಮ್ಮ ಕಡೆಯಿಂದ ದಿನಾ ಓಡಾಡುವವರು ಸುಗ್ಗಿ ಮುಗಿದ ಮೇಲೆ ಒಮ್ಮೆ ಆ ಸಂದಿಗೆ ಟಾರ್ಚ್ ಬಿಟ್ಟು ನೋಡಿ.

ಕಬ್ಬಿನ ಗದ್ದೆ
ರಾತ್ರಿ 9:30

ಗುರು, ಫೋಟೊ ಬೇಗ ಹಾಕು. ಭಾನುವಾರ ನಂದೂ ಬಿಚ್ಚಬೇಕು.