ಮುತ್ತಜ್ಜ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆಯಲ್ಲಿದ್ದರಂತೆ, ನೆಟ್‌ನಲ್ಲಿ ಹುಡುಕುವುದು ಹೇಗೆ?

ಮಾಡಿನಹಂಚು:
ನನ್ನ ಅಜ್ಜಿಯ ಅಪ್ಪ ಮಂಗಳೂರಿನ ಬಾಸೆಲ್ ಮಿಷನ್ (ಸ್ವಿಟ್ಜರ್‌ಲ್ಯಾಂಡಿನಿಂದ ಬಂದ ಕ್ರೈಸ್ತ ಪಾದ್ರಿಗಳ ಸಂಸ್ಥೆ) ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ ಆಗಿದ್ದರಂತೆ. ಮನೆಯಲ್ಲಿ ಅವರದ್ದು ಒಂದು ಫೋಟೋ ಕೂಡ ಇಲ್ಲ. ಹೆಸರು, ಕಾರ್ಖಾನೆ, ಮಂಗಳೂರು ಎಲ್ಲ ಹಾಕಿ ಗೂಗಲ್ ಮಾಡಿದರೆ ಹಂಚು ಮಾರುವವರ ನಂಬರೇ ಬರುತ್ತದೆ. ಮೊನ್ನೆ ಹಳೇ ಮನೆಯ ಮಾಡಿನಿಂದ ಇಳಿಸಿದ ಹಂಚಿನಲ್ಲಿ ಮಿಷನ್ ಹೆಸರಿನ ಜೊತೆ 1865 ಅಂತ ಉಂಟು. ಆಗಲೇ ಅವರು ಅಲ್ಲಿದ್ದರು ಅಂತ ಹಿಡಿಯಬಹುದಾ? ಅಜ್ಜಿ ಹುಟ್ಟಿದ್ದು 1931ರಲ್ಲಿ.

ನೇತ್ರಾವತಿದಡ:
ಅದು ಕಾರ್ಖಾನೆ ಶುರುವಾದ ವರ್ಷ ಮಾರಾಯ್ರೆ! ಮಿಷನ್ನಿನ ಪ್ಲೆಬ್ಸ್ಟ್ ಅನ್ನುವವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೊಳೆ ಬದಿ ಶುರು ಮಾಡಿದ್ದು. ಆಮೇಲೆ ಮಾಡಿದ ಹಂಚಿಗೂ ಅದೇ ವರ್ಷ ಒತ್ತುತ್ತಿದ್ದರು. ಅಜ್ಜಿ 1931ರವರಾದರೆ ಅವರಪ್ಪ 1865ರಲ್ಲಿ ಹುಟ್ಟಿರುವುದೇ ಅನುಮಾನ, ಅಲ್ವಾ?

ಬಲ್ಮಠದವಳು:
ಗೂಗಲ್ ಬಿಡಿ, ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿರುವ ಮಿಷನ್ ಆರ್ಕೈವಿನವರದ್ದೇ (ಹಳೇ ದಾಖಲೆ ಇಡುವ ಜಾಗ) ವೆಬ್‌ಸೈಟ್ ಉಂಟು, ಹಳೇ ಫೋಟೋಗಳನ್ನೆಲ್ಲ ಹಾಕಿದ್ದಾರೆ. ಮಿಷನ್ನಿನವರು ಹೆಚ್ಚಾಗಿ ಬರೆಯುತ್ತಿದ್ದದ್ದು ಜರ್ಮನ್ ಭಾಷೆಯಲ್ಲಿ, ಹಾಗಾಗಿ ಅಲ್ಲಿ ಹುಡುಕುವಾಗ ಜರ್ಮನ್ ಪದ ಹಾಕಿ ನೋಡಿ. ಹಂಚಿನ ಕಾರ್ಖಾನೆಗೆ ತ್ಸೀಗೆಲೈ, ನೇಯ್ಗೆ ಕಾರ್ಖಾನೆಗೆ ವೇಬರೈ. ಮಂಗಳೂರಿಗೂ ಇಂಗ್ಲಿಷಿನವರ ಸ್ಪೆಲ್ಲಿಂಗ್ ಒಂದೇ ಸಾಲದು, ಕೊನೆಗೆ ಯು, ಆರ್ ಬರುವ ಹಾಗೆಯೂ ಹಾಕಿ. ನಾನು ಒಂದು ವಾರ ಬರೀ ಇಂಗ್ಲಿಷಿನಲ್ಲೇ ಹುಡುಕಿ ಸುಮ್ನೆ ಕಣ್ಣು ಹಾಳು ಮಾಡಿಕೊಂಡೆ. ಒಂದು ಬೇಜಾರು ಅಂದರೆ, ನಾನು ನೋಡಿದ ಫೋಟೋಗಳ ಕೆಳಗೆ ಪಾದ್ರಿಗಳ ಹೆಸರು ಇರುತ್ತದೆ, ಮಣ್ಣು ಹೊತ್ತವರ ಹೆಸರು ಇರುವುದಿಲ್ಲ.

ಹಳೇಕಾಗದ:
ಇಂಟರ್ನೆಟ್ ಆರ್ಕೈವ್‌ನಲ್ಲೂ ನೋಡಿ. ಹಳೇ ಪುಸ್ತಕಗಳ ಸ್ಕ್ಯಾನ್ ಪ್ರತಿ ಸಿಗುವ ವೆಬ್‌ಸೈಟ್ ಅದು. ಅಲ್ಲಿ ಸುಮ್ಮನೆ ಹುಡುಕಿದರೆ ಪುಸ್ತಕದ ಹೆಸರು, ವಿವರ ಮಾತ್ರ ಹುಡುಕುತ್ತದೆ, ಒಳಗಿನ ಪುಟದ ಅಕ್ಷರಗಳಲ್ಲಿ ಹುಡುಕುವ ಆಯ್ಕೆಯನ್ನು ನೀವೇ ಒತ್ತಬೇಕು. ಇನ್ನೊಂದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಈ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪೆನಿಯ ಕೈಗೆ ಹೋದವು. ನಿಮ್ಮ ಮುತ್ತಜ್ಜ ಕೆಲಸಕ್ಕೆ ಸೇರಿದ್ದು 1920ರ ನಂತರ ಆದರೆ ಮಿಷನ್ ಕಾಗದಗಳಲ್ಲಿ ಎಷ್ಟು ತಡಕಿದರೂ ಸಿಗಲಿಕ್ಕಿಲ್ಲ. ಮೊದಲು ಅಜ್ಜಿಯನ್ನು ಸರಿಯಾಗಿ ಕೇಳಿ. ನಿಮ್ಮದು ಚರ್ಚಿನ ಕುಟುಂಬ ಆದರೆ ಅಜ್ಜಿಯ ದೀಕ್ಷಾಸ್ನಾನದ ರಿಜಿಸ್ಟರ್ ನೋಡಿ, ಕೆಲವು ಕಡೆ ಅಪ್ಪನ ಕೆಲಸವನ್ನೂ ಬರೆದಿರುತ್ತಾರೆ. ಬಲ್ಮಠದ ಥಿಯೊಲಾಜಿಕಲ್ ಕಾಲೇಜಿನ ಆರ್ಕೈವ್‌ನಲ್ಲೂ ಹಳೇ ಮಿಷನ್ ಕಾಗದಗಳಿವೆ, ಅದು ನಿಮಗೆ ರಿಕ್ಷಾ ದೂರ.

ಮಾಡಿನಹಂಚು:
ಹಳೇಕಾಗದ ಸರ್, ನೀವು ಹೇಳಿದ್ದೇ ಸರಿ! ಅಜ್ಜಿಯನ್ನು ಕೇಳಿದೆ. ಕಾರ್ಖಾನೆಯ ಚೀಟಿಯಲ್ಲಿ ಕಾಮನ್‌ವೆಲ್ತ್ ಅಂತ ಇರುತ್ತಿತ್ತು, ಬಾಯಲ್ಲಿ ಮಾತ್ರ ಎಲ್ಲರೂ ಮಿಷನ್ ಅಂತಲೇ ಹೇಳುತ್ತಿದ್ದರಂತೆ. ಬಲ್ಮಠದವಳು ಅಕ್ಕ, ತ್ಸೀಗೆಲೈ ಹಾಕಿದಾಗ ಸಿಕ್ಕಿದ ಒಂದು ಫೋಟೋ ತೋರಿಸಿದೆ. ಅಜ್ಜಿ ಫೋನನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಸಾಲಾಗಿ ನಿಂತವರನ್ನೆಲ್ಲ ನೋಡಿದರು, ಅಪ್ಪ ಇದರಲ್ಲಿಲ್ಲ ಅಂದರು. ಭಾನುವಾರ ಚರ್ಚಿನಲ್ಲಿ ರಿಜಿಸ್ಟರ್ ಕೇಳುತ್ತೇನೆ.