ಅಜ್ಜಿಯ ಕಸೂತಿ ಸೀರೆ: ಕತ್ತರಿಸಿ ಹಂಚಿಕೊಳ್ಳೋದಾ, ಹಾಗೇ ಇಡೋದಾ?

ಗದಗಿನ ಮೊಮ್ಮಗಳು:

ಮೊದಲೇ ಹೇಳಿಬಿಡುತ್ತೇನೆ, ನನಗೆ ಸೀರೆ ಬಗ್ಗೆ ಏನೂ ಗೊತ್ತಿಲ್ಲ. ವರ್ಷಕ್ಕೆ ಎರಡು ಸಲ ಉಟ್ಟರೆ ಅದೇ ಜಾಸ್ತಿ, ಅದೂ ಯೂಟ್ಯೂಬ್ ನೋಡಿಕೊಂಡು.

ಹೋದ ತಿಂಗಳು ಗದಗಿನ ಹಳೆ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಅಜ್ಜಿಯ ತಗಡಿನ ಟ್ರಂಕು ಸಿಕ್ಕಿತು. ಒಳಗೆ ಎರಡು ಹಿತ್ತಾಳೆ ಗಿಂಡಿ, ಬಾಯಿ ಒಡೆದ ಉಪ್ಪಿನಕಾಯಿ ಭರಣಿ, ದಾರ ಕಟ್ಟಿಟ್ಟ ಲಗ್ನಪತ್ರಿಕೆಗಳ ಕಟ್ಟು. ಎಲ್ಲಕ್ಕಿಂತ ಕೆಳಗೆ, ಹಳೆ ಧೋತರದಲ್ಲಿ ಸುತ್ತಿಟ್ಟ ಒಂದು ಕಪ್ಪು ಇಳಕಲ್ ಸೀರೆ. ಸೆರಗು ಕೆಂಪು, ಮಧ್ಯೆ ಬಿಳಿ ಪಟ್ಟೆ. ಸೆರಗಿನ ಮೇಲೂ ಅದರ ಪಕ್ಕದ ಕಪ್ಪು ಭಾಗದ ಮೇಲೂ ಕೈ ಕಸೂತಿ ಇದೆ: ಗೋಪುರ, ತೇರು, ಅಂಬಾರಿ ಹೊತ್ತ ಆನೆ, ಒಂದು ತುಳಸಿ ಕಟ್ಟೆ. ದಾರದ ಬಣ್ಣ ನಿನ್ನೆ ಹಾಕಿದ ಹಾಗಿದೆ. ಆದರೆ ಸೀರೆಯ ಒಡಲು ಹೋಗಿದೆ. ಮಡಿಕೆ ಇದ್ದಲ್ಲೆಲ್ಲ ಉದ್ದಕ್ಕೆ ಸೀಳಿದೆ, ಬಿಚ್ಚಿ ನೋಡುವಾಗಲೇ ಒಂದು ಕಡೆ ಪರ್ ಅಂತ ಹರಿಯಿತು, ನನ್ನ ಎದೆ ಧಸಕ್ ಅಂದಿತು.

ಈಗ ಸಮಸ್ಯೆ ಏನು ಅಂದರೆ ನಾವು ಮೂವರು ಮೊಮ್ಮಕ್ಕಳು, ಮೂವರಿಗೂ ಅದೇ ಬೇಕು. ಅಕ್ಕ ಸೆರಗಿಗೆ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕುತ್ತೇನೆ ಅನ್ನುತ್ತಾಳೆ. ದೊಡ್ಡಮ್ಮನ ಮಗಳು ಬ್ಲೌಸ್ ಹೊಲಿಸುತ್ತಾಳಂತೆ. ನನಗೆ ಸುಮ್ನೆ ಇಟ್ಟುಕೊಳ್ಳಬೇಕು ಅಂತ ಆಸೆ. ನಮ್ಮ ಚಿಕ್ಕಮ್ಮ, ಅಂದರೆ ಅಜ್ಜಿಯ ಕೊನೆಯ ಮಗಳು, "ಅದಕ್ಕ್ಯಾಕ ಜಗಳ, ಕತ್ತರಿ ತಗೊಂಡು ಮೂರು ತುಂಡು ಮಾಡ್ರಿ" ಅಂದು ಚಹಾ ಮಾಡಲು ಎದ್ದು ಹೋದರು.

ಇದನ್ನು ಒಗೆಯಬಹುದಾ? ಕತ್ತರಿಸಿದರೆ ಕಸೂತಿ ಬಿಚ್ಚಿಕೊಳ್ಳುತ್ತದಾ? ಇನ್ನೊಂದು ಅನುಮಾನ, ಅಮ್ಮ ಇದು ಅಜ್ಜಿಗೆ ಮದುವೆಯಲ್ಲಿ ಕೊಟ್ಟ ಸೀರೆ ಅನ್ನುತ್ತಾರೆ. ಮದುವೆಗೆ ಯಾರಾದರೂ ಕಪ್ಪು ಸೀರೆ ಕೊಡುತ್ತಾರಾ?

ಸೂಜಿದಾರ:

ಕೊಡುತ್ತಾರೆ. ನಮ್ಮ ಕಡೆ ಇದಕ್ಕೆ ಚಂದ್ರಕಾಳಿ ಅಂತಲೇ ಹೆಸರು. ಶುಭಕಾರ್ಯಕ್ಕೆ ಕಪ್ಪು ಬೇಡ ಅನ್ನುವ ಮಂದಿಯೇ ಕಸೂತಿ ಹಾಕಿದ ಚಂದ್ರಕಾಳಿಯನ್ನು ಮದುಮಗಳಿಗೆ ಕೊಡುತ್ತಿದ್ದರು.

ನಾನು ಧಾರವಾಡದವಳು, ಹದಿನೆಂಟು ವರ್ಷದಿಂದ ಕಸೂತಿ ಹಾಕುತ್ತಿದ್ದೇನೆ. ಕತ್ತರಿ ಆಚೆ ಇಡಿ. ಮೊದಲು ಸೆರಗನ್ನು ತಿರುವಿ ಹಿಂಬದಿ ನೋಡಿ.

ಯಾಕೆ ಅಂದರೆ ಕಸೂತಿಯ ಜಾಣತನ ಇರುವುದೇ ಹಿಂದೆ. ಹೊಲಿಗೆ ನಾಲ್ಕು ಥರ: ಗವಂತಿ, ಮುರಗಿ, ನೇಗಿ, ಮೆಂತಿ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದರ ಜಾಗ ಬಿಟ್ಟು ಹೋಗುತ್ತದೆ, ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರುತ್ತದೆ, ಹಾಗಾಗಿ ಹಿಂದೆ ಮುಂದೆ ಎರಡೂ ಒಂದೇ. ಮುರಗಿಯೂ ಹಾಗೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿ ನೋಡಲು ನೇಯ್ದ ಹಾಗಿರುತ್ತದೆ, ಅದರ ಹಿಂಬದಿ ಬೇರೆ. ಮೆಂತಿ ಅಂದರೆ ಅಡ್ಡಡ್ಡ ಹೊಲಿಗೆ, ಮೆಂತ್ಯದ ಕಾಳು ಹರವಿದ ಹಾಗೆ ಕಾಣುತ್ತದೆ. ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಇಲ್ಲ, ಅಚ್ಚು ಇಲ್ಲ, ಎಳೆ ಎಣಿಸಿ ಎಣಿಸಿಯೇ ಹಾಕುವುದು. ಒಂದು ಎಳೆ ತಪ್ಪಿದರೆ ಗೋಪುರದ ಕಳಸ ಆಚೆ ಹೋಗಿ ಕೂರುತ್ತದೆ. ನನಗೆ ಆಗಿದೆ, ಮೂರು ದಿನದ ಕೆಲಸ ಬಿಚ್ಚಿದ್ದೇನೆ. ಅದರಲ್ಲೂ ಕಪ್ಪು ಬಟ್ಟೆ ಅಂದರೆ ಕಣ್ಣಿಗೆ ಶಿಕ್ಷೆ. ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಂಡು ಕೂರುತ್ತೇನೆ, ಆಗ ಎಳೆಗಳ ನಡುವಿನ ಸಂದಿ ಬೆಳ್ಳಗೆ ಕಾಣುತ್ತದೆ. ಸಂಜೆ ಐದಾದ ಮೇಲೆ ಮುಟ್ಟುವುದಿಲ್ಲ.

ಗಂಟು ಹಾಕುವಂತಿಲ್ಲ. ದಾರದ ತುದಿಯನ್ನು ಹೊಲಿಗೆಯೊಳಗೇ ಓಡಿಸಿ ಮುಗಿಸಬೇಕು. ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಆನೆಯ ಮಧ್ಯೆ ಕತ್ತರಿ ಹೋದರೆ ತಡೆಯಲು ಗಂಟಿಲ್ಲ, ಆನೆ ನಿಧಾನಕ್ಕೆ ಬಿಚ್ಚಿಕೊಂಡು ಹೋಗುತ್ತದೆ.

ಮಗ್ಗದ ಮನೆ:

ಸೂಜಿದಾರ ಅಕ್ಕ ಹೇಳಿದ್ದು ಕಸೂತಿ ಮಾತು. ನಾನು ನೇಯ್ಗೆ ಮಾತು ಹೇಳುತ್ತೇನೆ. ನಮ್ಮದು ಇಳಕಲ್, ಮನೆಯಲ್ಲಿ ಅಪ್ಪನ ಕಾಲದ ಕುಣಿ ಮಗ್ಗ, ಅಂದರೆ ನೆಲದ ಕುಣಿಯಲ್ಲಿ ಕಾಲು ಬಿಟ್ಟು ಕೂತು ನೇಯುವ ಮಗ್ಗ, ಇನ್ನೂ ಇದೆ.

ಮೇಡಂ, ಕೆಂಪು ಸೆರಗು ಮುಗಿದು ಕಪ್ಪು ಶುರುವಾಗುವ ಜಾಗದಲ್ಲಿ ಬೆರಳಾಡಿಸಿ ನೋಡಿ. ಸಣ್ಣ ಏರು ಸಿಗುತ್ತದೆ. ಅದು ಹೊಲಿದ ಜೋಡಣೆ ಅಲ್ಲ. ಬೇರೆ ಬಹಳಷ್ಟು ಸೀರೆಗಳಲ್ಲಿ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ನೂಲು, ಈ ತುದಿಯಿಂದ ಆ ತುದಿಗೆ ಒಂದೇ. ಇಳಕಲ್‌ನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆ ಅಥವಾ ಆರ್ಟ್ ಸಿಲ್ಕ್. ಎರಡನ್ನೂ ಕುಣಿಕೆ ಕುಣಿಕೆ ಸಿಕ್ಕಿಸಿ ಕೂಡಿಸುತ್ತಾರೆ. ತೋಪು ತೆನಿ ಅನ್ನುವುದು ಇದಕ್ಕೇ. ಹೀಗೆ ಮಾಡಬೇಕಾದರೆ ಒಂದೊಂದು ಸೀರೆಗೂ ಬೇರೆ ಹಾಸು ತಯಾರಿಸಬೇಕು, ಹತ್ತು ಸೀರೆಯ ಹಾಸು ಒಟ್ಟಿಗೆ ಸುತ್ತಿ ನೇಯುತ್ತಾ ಹೋಗಲು ಆಗುವುದಿಲ್ಲ. ಪವರ್‌ಲೂಮ್‌ನವರಿಗೆ ಇದೇ ತಲೆನೋವು, ಅದಕ್ಕೇ ಬಹಳ ಜನ ಆ ಜೋಡಣೆಯನ್ನೇ ಬಿಟ್ಟು ಬರೀ ಬಣ್ಣದ ಪಟ್ಟೆ ನೇಯ್ದು ಇಳಕಲ್ ಅಂತ ಮಾರುತ್ತಾರೆ.

ಅದಕ್ಕೆ ಹೇಳುವುದು, ಏನೇ ಮಾಡಿದರೂ ಆ ಜೋಡಣೆ ಮೇಲೆ ಕತ್ತರಿ ಹಾಕಬೇಡಿ. ಕುಣಿಕೆ ಕಡಿದರೆ ಸೆರಗು ಸಡಿಲವಾಗುತ್ತದೆ. ಒಡಲು ಪೂರ್ತಿ ಹೋಗಿದ್ದು ಕತ್ತರಿಸಲೇಬೇಕು ಅಂದರೆ ಜೋಡಣೆಯಿಂದ ಈಚೆಗೆ ಕನಿಷ್ಠ ಒಂದು ಗೇಣು ಕಪ್ಪು ಬಟ್ಟೆ ಬಿಡಿ. ಅಲ್ಲೂ ಕಸೂತಿ ಇದೆ ಅಂದಿರಿ, ಹಾಗಿದ್ದರೆ ಕಸೂತಿ ಮುಗಿದ ಮೇಲೆ ಒಂದು ಗೇಣು.

ಹಳೇಸಾಮಾನು:

ನಾನು ಹೆಣೆಯುವವನೂ ಅಲ್ಲ, ನೇಯುವವನೂ ಅಲ್ಲ, ಕೊಂಡು ಗುಡ್ಡೆ ಹಾಕಿಕೊಳ್ಳುವವನು. ಭಾನುವಾರ ಬೆಳಗಾದರೆ ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ಇರುತ್ತೇನೆ, ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆ ತಪ್ಪಿಸುವುದಿಲ್ಲ. ಮನೆಯವಳು ಬೈಯುತ್ತಾಳೆ, ಅದು ಬಿಡಿ.

ಒಗೆಯುವ ವಿಷಯ. ದಯವಿಟ್ಟು ಬೇಡ. ಮಡಿಕೆಯಲ್ಲೇ ಸೀಳಿರುವ ಬಟ್ಟೆ ನೀರಲ್ಲಿ ನೆಂದರೆ ತನ್ನ ಭಾರಕ್ಕೇ ಹರಿಯುತ್ತದೆ. ಹಳೆ ಕಪ್ಪು ಬಣ್ಣಗಳಲ್ಲಿ ಕಬ್ಬಿಣದ ಅಂಶ ಇದ್ದರೆ ಅದೇ ವರ್ಷ ಕಳೆದ ಹಾಗೆ ಎಳೆಯನ್ನು ತಿನ್ನುತ್ತದೆ, ನಿಮ್ಮದರಲ್ಲಿ ಕೆಂಪು ಉಳಿದು ಕಪ್ಪು ಹೋಗಿರುವುದಕ್ಕೆ ಅದೂ ಕಾರಣ ಇರಬಹುದು. ಕೆಂಪು ಬಣ್ಣ ಬಿಡುತ್ತದಾ ಅಂತ ಪರೀಕ್ಷೆ ಮಾಡಬೇಕಿದ್ದರೆ ಬಿಳಿ ಬಟ್ಟೆಯ ಮೂಲೆ ಒದ್ದೆ ಮಾಡಿ ಹಿಂಬದಿಯಲ್ಲಿ ಒಂದು ಕಡೆ ಒತ್ತಿ ಹಿಡಿಯಿರಿ, ಸಾಕು. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಧೂಳಿಗೆ ಮೆತ್ತನೆ ಬ್ರಷ್ ಸಾಕು. ಪ್ಲಾಸ್ಟಿಕ್ ಕವರ್ ಬೇಡ. ಒಗೆದು ಗಂಜಿ ಇಲ್ಲದ ಬಿಳಿ ಹತ್ತಿ ಬಟ್ಟೆ ಹಾಸಿ, ಉದ್ದನೆ ಕೊಳವೆಗೆ ಸೆರಗನ್ನು ಸುರುಳಿ ಸುತ್ತಿ, ಮಡಿಕೆಯೇ ಬರಬಾರದು. ಫ್ರೇಮ್ ಹಾಕಿಸುವುದೇ ಆದರೆ ಬಿಸಿಲು ಬೀಳುವ ಗೋಡೆ ಬೇಡ, ಗಾಜು ಬಟ್ಟೆಗೆ ತಾಗಬಾರದು, ಅಂಟು ಹಚ್ಚುತ್ತೇನೆ ಅನ್ನುವ ಫ್ರೇಮಿನವನ ಅಂಗಡಿಯಿಂದ ಓಡಿಬನ್ನಿ. ನನ್ನದೊಂದು ಹಳೆ ಖಣ, ಅಂದರೆ ಕುಪ್ಪಸದ ಬಟ್ಟೆ, ಹಾಗೆ ಹಾಳಾಯಿತು. ಗುಳೇದಗುಡ್ಡದ್ದು, ಆ ನೀಲಿ ಮತ್ತೆ ಸಿಗಲಿಲ್ಲ. ಎರಡೇ ಮಳೆಗಾಲಕ್ಕೆ ಅಂಟಿನ ಕಲೆ ಕಂದು ಬಣ್ಣದಲ್ಲಿ ಮೇಲೆ ಬಂತು.

ಒಂದು ಪುಣ್ಯ ಅಂದರೆ ನಿಮ್ಮ ಅಜ್ಜಿಯ ಸೀರೆಯಲ್ಲಿ ಬೆಳ್ಳಿ ಜರಿ ಇಲ್ಲ. ಇದ್ದಿದ್ದರೆ ಅದು ಯಾವತ್ತೋ ಪಾತ್ರೆಯಾಗಿರುತ್ತಿತ್ತು. "ಹಳೇ ಜರಿ ಸೀರೆ" ಅಂತ ಕೂಗಿಕೊಂಡು ಬರುವವರಿಗೆ ನಮ್ಮ ಅತ್ತೆ ನಾಲ್ಕು ಸೀರೆ ಕೊಟ್ಟು ಒಂದು ಸ್ಟೀಲ್ ಡಬ್ಬಿ ತಗೊಂಡಿದ್ದರು. ಅವರು ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಡಬ್ಬಿಯಲ್ಲಿ ಇವತ್ತಿಗೂ ರವೆ ಇದೆ.

ಕಾಡಂಚಿನವಳು:

ಎಲ್ಲರೂ ಮುಟ್ಟಬೇಡಿ ಮುಟ್ಟಬೇಡಿ ಅಂತಿದ್ದೀರಲ್ಲ, ನನಗೆ ಸ್ವಲ್ಪ ನಗು ಬಂತು. ಅಜ್ಜಿಯರು ಹರಿದ ಸೀರೆ ಏನು ಮಾಡುತ್ತಿದ್ದರು? ಕೌದಿ ಹೊಲಿಯುತ್ತಿದ್ದರು. ಆ ಕೌದಿಯಲ್ಲಿ ಸುತ್ತಿಕೊಂಡು ನಾವೆಲ್ಲ ಬೆಳೆದವರು.

ನಾನು ಯಲ್ಲಾಪುರದ ಕಡೆಯವಳು. ಇಲ್ಲಿ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ, ಅಂದರೆ ಅವರ ಕೌದಿ, ನೋಡಿದ್ದೀರಾ? ಒಂದು ಮೂಲೆಯಿಂದ ಶುರು ಮಾಡಿ, ಅಂಚು ಹಿಡಿದು ಸುತ್ತು ಬರುತ್ತಾ ಬರುತ್ತಾ ನಡುವಿಗೆ ತಲುಪುತ್ತಾರೆ. ತುಂಡುಗಳನ್ನು ಅಳತೆ ಮಾಡಿ ಕತ್ತರಿಸುವುದಿಲ್ಲ, ಕೈಗೆ ಸಿಕ್ಕ ತುಂಡನ್ನು ಅಲ್ಲೇ ಮಡಚಿ ಕೂಡಿಸಿ ಹೊಲಿಯುತ್ತಾ ಹೋಗುತ್ತಾರೆ. ಕೊನೆಗೆ ನಾಲ್ಕು ಮೂಲೆಗೆ ತ್ರಿಕೋನದ ಮಡಿಕೆ ಇಡುತ್ತಾರೆ, ಅದಕ್ಕೆ ಫುಲ, ಅಂದರೆ ಹೂವು, ಅನ್ನುತ್ತಾರೆ. ಹೂವು ಇಡದಿದ್ದರೆ ಕವಂದಿ ಬೆತ್ತಲೆ ಅಂತ ಮಾತು. ಗಂಡನ ಅಂಗಿ, ಮಗುವಿನ ಫ್ರಾಕು, ಹಬ್ಬದ ಸೀರೆ ಎಲ್ಲ ಒಂದರಲ್ಲೇ ಇರುತ್ತವೆ. ನಮ್ಮ ಮನೆಯಲ್ಲಿ ಇರುವುದನ್ನು ಹೊದ್ದುಕೊಳ್ಳುತ್ತೇವೆ, ಒಗೆಯುತ್ತೇವೆ, ಬಿಸಿಲಿಗೂ ಹಾಕುತ್ತೇವೆ.

ಫ್ರೇಮ್ ಹಾಕಿದ ಸೆರಗನ್ನು ಆರು ತಿಂಗಳಾದ ಮೇಲೆ ಯಾರೂ ನೋಡುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಸೂಜಿದಾರ:

ಕಾಡಂಚಿನವಳೇ, ನೀವು ಹೇಳಿದ್ದು ಒಡಲಿಗೆ ಸರಿ. ಸೆರಗಿಗೆ ಒಪ್ಪುವುದಿಲ್ಲ. ಕೌದಿ ಹೊಲಿಯುವ ಅಜ್ಜಿಯರೇ ಕಸೂತಿ ಸೆರಗನ್ನು ಕೌದಿಗೆ ಹಾಕದೆ ಟ್ರಂಕಿನ ತಳಕ್ಕೆ ಸೇರಿಸಿದ್ದರು, ಈ ಅಜ್ಜಿಯೂ ಅದನ್ನೇ ಮಾಡಿದ್ದಾರೆ ಅಲ್ವಾ?

ಒಂದು ಹೊಟ್ಟೆಕಿಚ್ಚಿನ ಮಾತು ಹೇಳಿಬಿಡುತ್ತೇನೆ. ಹಳೆ ಸೆರಗಿಗೆ ಇಷ್ಟು ಮರುಗುವ ಜನ, ಹೊಸದಾಗಿ ಒಂದು ಸೆರಗು ಹಾಕಿಕೊಡಿ ಅಂತ ಬಂದರೆ ಎರಡು ತಿಂಗಳ ಕೆಲಸಕ್ಕೆ ಎರಡು ಸಾವಿರ ಹೇಳುತ್ತಾರೆ. ಅದೇ ದುಡ್ಡಿಗೆ ಅಂಗಡಿಯಲ್ಲಿ ಸಿಗುತ್ತದಲ್ಲ ಅನ್ನುತ್ತಾರೆ. ಸಿಗುತ್ತದೆ, ಮಿಷಿನ್‌ದು. ತಿರುವಿ ನೋಡಿ, ಹಿಂದೆ ಬಾಬಿನ್ನಿನ ಬಿಳಿ ದಾರ, ಅದರ ಮೇಲೆ ಗಟ್ಟಿ ಕಾಗದದಂಥ ಬಟ್ಟೆ ಅಂಟಿರುತ್ತದೆ. ಹೋದ ವರ್ಷ ಒಬ್ಬರು ಅಂಥದ್ದನ್ನೇ ಕೈ ಕಸೂತಿ ಅಂತ ಮೂರು ಪಟ್ಟು ಕೊಟ್ಟು ತಂದು ನನಗೇ ತೋರಿಸಿದರು. ಏನು ಹೇಳಲಿ, ಚೆನ್ನಾಗಿದೆ ಅಂದೆ.

ಹಳೇಸಾಮಾನು:

ಆ ಒಬ್ಬರು ನಾನಲ್ಲ. ಆದರೆ ನನ್ನ ಹತ್ತಿರವೂ ಒಂದು ಅಂಥದ್ದು ಇದೆ, ಈಗ ಎದ್ದು ಹೋಗಿ ತಿರುವಿ ನೋಡಿ ಬಂದೆ. 😐

ಗದಗಿನ ಮೊಮ್ಮಗಳು:

ಉತ್ತರ ತಡವಾಯಿತು, ಎಲ್ಲರೂ ಕ್ಷಮಿಸಿ. ಶನಿವಾರ ಚಿಕ್ಕಮ್ಮನ ಮನೆಗೆ ಹೋಗಿ, ಅಂಗಳದಲ್ಲಿ ಚಾಪೆ, ಅದರ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ ಸೆರಗನ್ನು ತಿರುವಿ ಹರವಿದೆವು. ಜೋಡಣೆಯ ಏರು ಬೆರಳಿಗೆ ಸಿಕ್ಕಿತು ಮಗ್ಗದ ಮನೆ ಅವರೇ, ಇಷ್ಟು ದಿನ ಕಣ್ಣಿಗೆ ಕಂಡಿರಲೇ ಇಲ್ಲ.

ಸೂಜಿದಾರ ಅಕ್ಕ, ನೀವು ಹೇಳಿದ ಹಾಗೇ ಇದೆ. ತೇರು ಹಿಂದೆಯೂ ತೇರೇ. ಗೋಪುರಗಳ ಸಾಲಿನಲ್ಲಿ ಒಂದೊಂದೇ ನೋಡಿಕೊಂಡು ಹೋದೆವು, ಏಳನೆಯ ಗೋಪುರಕ್ಕೆ ಬಂದರೆ ಹಿಂದೆ ಎಲ್ಲ ಗಂಟು! ಒಂದೆರಡಲ್ಲ, ಸಾಸಿವೆ ಚೆಲ್ಲಿದ ಹಾಗೆ. ಕಳಸ ಎರಡು ಎಳೆ ಪಕ್ಕಕ್ಕೆ ಸರಿದಿದೆ, ಮುಂದಿನಿಂದ ಗೊತ್ತೇ ಆಗುವುದಿಲ್ಲ. ಅಕ್ಕ "ಅಜ್ಜಿ ಇಲ್ಲಿ ತಪ್ಪಿದ್ದಾರೆ" ಅಂದಳು. ಚಿಕ್ಕಮ್ಮ ಚಹಾ ಲೋಟ ಕೆಳಗಿಟ್ಟು, ಅದು ಅವ್ವಂದಲ್ಲ, ನಂದು ಅಂದರು. ಮದುವೆಯಲ್ಲಿ ಬಂದಾಗ ಸೀರೆಯಲ್ಲಿ ತೇರು ಆನೆ ಅಷ್ಟೇ ಇತ್ತಂತೆ, ಗೋಪುರದ ಸಾಲನ್ನು ಅಜ್ಜಿ ಆಮೇಲೆ ಮನೆಯಲ್ಲೇ ಹಾಕಿದ್ದು. ಚಿಕ್ಕಮ್ಮನಿಗೆ ಆಗ ಹತ್ತು ವರ್ಷ, ನಾನೂ ಹಾಕ್ತೀನಿ ಅಂತ ಹಟ ಮಾಡಿ ಒಂದು ಗೋಪುರ ಹಾಕಿದ್ದಾರೆ. ಅಜ್ಜಿ ಎಂಟನೆಯದರಿಂದ ಮುಂದುವರಿಸಿದ್ದಾರೆ, ಇವರದನ್ನು ಬಿಚ್ಚಲಿಲ್ಲ.

ಮೂರು ತುಂಡು ಮಾಡಿ ಅಂದಿದ್ದು ಇವರೇ. ನಾವು ಮೂವರೂ ನನಗೆ ತನಗೆ ಅಂತ ಕಿತ್ತಾಡುವಾಗ ನಿಮಗೆ ಬೇಕಾ ಅಂತ ಒಬ್ಬರೂ ಕೇಳಿರಲಿಲ್ಲ. ಈಗ ಸೆರಗು ಅವರ ಹತ್ತಿರ ಇದೆ. ಪಿವಿಸಿ ಪೈಪಿಗೆ ಬಿಳಿ ಬಟ್ಟೆ ಸುತ್ತಿ ಅದರ ಮೇಲೆ ಸುರುಳಿ ಮಾಡಿದ್ದೇವೆ. ಕಸೂತಿ ಮುಗಿದ ಮೇಲೆ ಒಂದು ಗೇಣು ಬಿಟ್ಟು ಕತ್ತರಿಸಿದ್ದೂ ಅವರೇ, ನಮಗೆ ಯಾರಿಗೂ ಕೈ ಬರಲಿಲ್ಲ.

ಒಡಲಿನ ಬಟ್ಟೆ ಆರು ಗಜದಷ್ಟು ಉಳಿದಿದೆ, ಹರಿದಿದ್ದರೂ ಒಳ ಪದರಕ್ಕೆ ಆದೀತು. ಕಾಡಂಚಿನವರೇ, ಗದಗ ಹುಬ್ಬಳ್ಳಿ ಕಡೆ ಕೈಯಲ್ಲಿ ಕೌದಿ ಹೊಲಿಯುವವರು ಸಿಗುತ್ತಾರಾ? ಮೂರು ಬೇಕು. ಮಿಷಿನ್ ಬೇಡ.

ಕಾಡಂಚಿನವಳು:

ಸಿಗುತ್ತಾರೆ, ಪಾತ್ರೆ ಅಂಗಡಿಯವರನ್ನೋ ಹೂ ಮಾರುವವರನ್ನೋ ಕೇಳಿ, ಓಣಿಗೊಬ್ಬರು ಇದ್ದೇ ಇರುತ್ತಾರೆ. ಮೇಲು ಪದರಕ್ಕೆ ಗಟ್ಟಿ ಬಟ್ಟೆ ನೀವೇ ಒಯ್ಯಿರಿ, ಬರೀ ಹಳೆ ಕಪ್ಪನ್ನೇ ಕೊಟ್ಟರೆ ಎರಡು ಒಗೆತಕ್ಕೆ ಹೋಗುತ್ತದೆ. ಮತ್ತೆ ಮಳೆಗಾಲ ಮುಗಿದ ಮೇಲೆ ಕೊಡಿ, ಈಗ ಕೊಟ್ಟರೆ ಒಣಗುವುದಿಲ್ಲ.

ಸೂಜಿದಾರ:

ಆ ಏಳನೆಯ ಗೋಪುರದ ಹಿಂಬದಿ ಫೋಟೋ ಹಾಕಿ. ಗಂಟುಗಳನ್ನು ಎಣಿಸಬೇಕು ನನಗೆ.