ಸಹಾಯ ಬೇಕು: ರೈಜನ್ 5 5600 ಪ್ರೊಸೆಸರ್ ಸಾಕಾ, 7600 ತಗೊಳ್ಳಲಾ?

ಎಲ್ಲರಿಗೂ ನಮಸ್ಕಾರ. ನಾವು ಮಂಡ್ಯದವರು. ಹೋದ ಬೇಸಿಗೆಯಲ್ಲಿ ಕರೆಂಟ್ ಪದೇ ಪದೇ ಹೋಗಿ ಬಂದು ಹಳೇ ಕಂಪ್ಯೂಟರಿನ ಪವರ್ ಸಪ್ಲೈ ಸುಟ್ಟಿತು, ಜೊತೆಗೆ ಮದರ್‌ಬೋರ್ಡೂ ಹೋಯಿತು. ಈಗ ನಾನು, ತಮ್ಮ ಸೇರಿ 80,000 ರೂಪಾಯಿ ಕೂಡಿಟ್ಟಿದ್ದೇವೆ. ನಾವೇ ಜೋಡಿಸಬೇಕು ಅಂತ ಆಸೆ.

ಎರಡೂ ಪ್ರೊಸೆಸರಿಗೆ 6 ಕೋರ್, 12 ಥ್ರೆಡ್. 5600 ತಗೊಂಡರೆ ಉಳಿದಿರುವ 16 ಜಿಬಿ ಡಿಡಿಆರ್4 ರ‍್ಯಾಮ್ ಹಾಗೇ ಬಳಸಬಹುದು. ಮಿಕ್ಕ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ. ಆದರೆ ಅದು ಕೂರುವ ಎಎಂ4 ಸಾಕೆಟ್ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರಿಸುವ ಜಾಗ) 2016ರದು. 7600 ಅಂದರೆ ಎಎಂ5 ಬೋರ್ಡು, ಡಿಡಿಆರ್5 ರ‍್ಯಾಮ್ ಎರಡೂ ಹೊಸದೇ ಬೇಕು. ಆದರೆ ಮುಂದೆ ಬರೀ ಪ್ರೊಸೆಸರ್ ಬದಲಿಸಿದರೆ ಸಾಕು ಅಲ್ವಾ? ನನ್ನ ಮನಸ್ಸು ಆ ಕಡೆಗೇ ಎಳೆಯುತ್ತಿದೆ.

ಮಾನಿಟರ್ 1080ಪಿ, 144 ಹರ್ಟ್ಸ್. ಜಾಸ್ತಿ ಆಡುವುದು ವ್ಯಾಲೊರಂಟ್. ಕಾರ್ಡ್ ಆರ್‌ಟಿಎಕ್ಸ್ 4060 ಅಂದುಕೊಂಡಿದ್ದೇವೆ, ಅದು 115 ವ್ಯಾಟ್. 550 ವ್ಯಾಟ್ ಬ್ರಾಂಜ್ (ದಕ್ಷತೆಯ ದರ್ಜೆ) ಪವರ್ ಸಪ್ಲೈ ಸಾಕಾ? ಯುಪಿಎಸ್ 600 ವಿಎ ತಗೊಳ್ಳಲಾ, 1000 ವಿಎನೇ ಬೇಕಾ? ಇದರಲ್ಲಿ ಮತ್ತೆ ತಪ್ಪು ಮಾಡುವುದು ಬೇಡ.

ಬಿಡಿಭಾಗಗಳನ್ನು ಮೈಸೂರಲ್ಲಿ ತಗೊಂಡವರು, ಬಿಲ್ಲು ವಾರಂಟಿ ಸರಿಯಾಗಿ ಕೊಡುವ ಅಂಗಡಿ ಇದ್ದರೆ ದಯವಿಟ್ಟು ಹೇಳಿ. ಮುಂದಿನ ಭಾನುವಾರ ಹೊರಡುತ್ತೇವೆ.